ಕೈಗೆ ಗೊತ್ತಿದ್ದ ಹೊಡೆತ ಎಲ್ಲಿ ಹೋಯಿತು?

1991ರ ಜುಲೈ, ಇಂಗ್ಲೆಂಡಿನ ರಾಯಲ್ ಬರ್ಕ್‌ಡೇಲ್. ಗಾಲ್ಫ್‌ನ ಓಪನ್ ಚಾಂಪಿಯನ್‌ಶಿಪ್‌ನ ಕೊನೆಯ ದಿನ ಆಸ್ಟ್ರೇಲಿಯಾದ ಇಯಾನ್ ಬೇಕರ್-ಫಿಂಚ್ ಮೊದಲ ಒಂಬತ್ತು ಹೋಲ್‌ಗಳನ್ನು ಬರೀ 29 ಹೊಡೆತಗಳಲ್ಲಿ ಮುಗಿಸಿ, ಸಂಜೆಗೆ ಪ್ರಶಸ್ತಿಯನ್ನೇ ಎತ್ತಿಕೊಂಡರು. ಆರು ವರ್ಷಗಳ ನಂತರ ಅದೇ ಟೂರ್ನಿ, ಸ್ಕಾಟ್ಲೆಂಡಿನ ರಾಯಲ್ ಟ್ರೂನ್. ನುರಿತ ಆಟಗಾರ 71 ಹೊಡೆತಗಳಲ್ಲಿ ಮುಗಿಸಬೇಕೆಂಬ ಲೆಕ್ಕದ (ಪಾರ್ 71) ಮೈದಾನದಲ್ಲಿ ಮೊದಲ ಸುತ್ತಿಗೇ ಅವರಿಗೆ 92 ಹೊಡೆತ ಬೇಕಾಯಿತು. ಎರಡನೇ ಸುತ್ತಿಗೆ ಇಳಿಯಲೇ ಇಲ್ಲ. ಆಗ ಅವರ ವಯಸ್ಸು 36. ಗಾಲ್ಫ್‌ನಲ್ಲಿ ಅದು ಮುದಿತನವೇನೂ ಅಲ್ಲ.

ಇಂಥ ಕುಸಿತ ಕಂಡರೆ ನಮ್ಮವರ ಬಾಯಲ್ಲಿ ಮೊದಲು ಬರುವುದು ‘ದೃಷ್ಟಿ ಬಿತ್ತು’, ‘ಶನಿ ಹೆಗಲೇರಿದ’. ಅಮೆರಿಕದವರೇನು ಕಡಿಮೆಯಿಲ್ಲ: ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆಯ ಮುಖಪುಟದಲ್ಲಿ ಫೋಟೊ ಬಂದ ಆಟಗಾರನಿಗೆ ಶಾಪ ತಟ್ಟುತ್ತದೆ ಎಂದು ಅಲ್ಲಿ ದಶಕಗಳಿಂದ ನಂಬಿಕೆ. ಈ ‘ಶಾಪ’ದ ಗುಟ್ಟನ್ನು ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ಬಿಡಿಸಿಟ್ಟಿದ್ದ. ಬಹಳ ಎತ್ತರದ ತಂದೆತಾಯಿಯ ಮಕ್ಕಳು ಸಾಮಾನ್ಯವಾಗಿ ಅವರಷ್ಟು ಎತ್ತರ ಇರುವುದಿಲ್ಲ, ಸರಾಸರಿಯತ್ತ ಸ್ವಲ್ಪ ವಾಲುತ್ತಾರೆ. ಆಟದಲ್ಲೂ ಹಾಗೆಯೇ. ಶಿಖರದ ದಿನ ಕೌಶಲದ ಜೊತೆ ಅದೃಷ್ಟವೂ ಬೆರೆತಿರುತ್ತದೆ; ಮುಂದಿನ ವಾರ ಕೌಶಲ ಬರುತ್ತದೆ, ಅದೃಷ್ಟ ಬರಲೇಬೇಕೆಂದಿಲ್ಲ. ಮುಖಪುಟದಲ್ಲಿ ಚಿತ್ರ ಬರುವುದು ಶಿಖರದ ದಿನದ ಮರುದಿನ, ಅಷ್ಟೇ.

ಆದರೆ ಸರಾಸರಿಗೆ ಮರಳುವ ನಿಯಮ ಒಂದು ದಿನ 66 ಹೊಡೆತಕ್ಕೆ ಮುಗಿಸಿದವನನ್ನು 71ಕ್ಕೆ ತಂದು ನಿಲ್ಲಿಸೀತು, 92ಕ್ಕೆ ತಳ್ಳಲಾರದು. 1995 ಮತ್ತು 96ರಲ್ಲಿ ಬೇಕರ್-ಫಿಂಚ್ ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿಯಾದ ಪಿಜಿಎ ಟೂರಿನ 29 ಟೂರ್ನಿಗಳಿಗೆ ಇಳಿದರು. ಒಂದರಲ್ಲೂ ಕೊನೆಯ ಎರಡು ದಿನ ಆಡುವ ಅರ್ಹತೆ ಉಳಿಯಲಿಲ್ಲ. 1995ರ ಓಪನ್‌ನಲ್ಲಿ, ಸೇಂಟ್ ಆಂಡ್ರೂಸ್‌ನಲ್ಲಿ, ಪಕ್ಕದಲ್ಲಿ ತಮ್ಮ ಕೊನೆಯ ಓಪನ್ ಆಡುತ್ತಿದ್ದ ಹಿರಿಯ ದಿಗ್ಗಜ ಅರ್ನಾಲ್ಡ್ ಪಾಮರ್. ಮೊದಲ ಮತ್ತು ಹದಿನೆಂಟನೆಯ ಹೋಲ್ ಸೇರಿ ಅಲ್ಲಿ ನೂರು ಮೀಟರಿಗೂ ಅಗಲದ ಬಯಲು. ಗಾಲ್ಫ್ ಜಗತ್ತಿನಲ್ಲಿ ಅದಕ್ಕಿಂತ ಸುಲಭದ ಮೊದಲ ಹೊಡೆತ ಹುಡುಕುವುದು ಕಷ್ಟ. ಅವರ ಚೆಂಡು ಆ ಇಡೀ ಬಯಲನ್ನು ದಾಟಿ ಎಡಗಡೆಯ ಗಡಿಯಾಚೆ ಹೋಗಿ ಬಿತ್ತು. ಇನ್ನೊಂದು ಸಂಗತಿ ಗಮನಿಸಿ: ಅಭ್ಯಾಸದ ಅಂಗಳದಲ್ಲಿ ಅದೇ ಮನುಷ್ಯ ಚೆಂದವಾಗಿ ಹೊಡೆಯುತ್ತಿದ್ದರು. ಸ್ನಾಯು ಸೋತಿರಲಿಲ್ಲ, ಸ್ವಿಂಗ್ (ಕೋಲು ಬೀಸುವ ಬಗೆ) ಮರೆತುಹೋಗಿರಲಿಲ್ಲ.

ಹಾಗಾದರೆ ಏನಾಯಿತು? ಮೇಲೆತ್ತಿದ ಕ್ಲಬ್, ಅಂದರೆ ಗಾಲ್ಫ್ ಕೋಲು, ಕೆಳಗಿಳಿದು ಚೆಂಡಿಗೆ ತಾಗಲು ಹಿಡಿಯುವುದು ಸುಮಾರು ಕಾಲು ಸೆಕೆಂಡ್. ಕಣ್ಣು ತಪ್ಪನ್ನು ಕಂಡು, ಮಿದುಳು ತೀರ್ಮಾನಿಸಿ, ಕೈ ತಿದ್ದಿಕೊಳ್ಳಲು ಬೇಕಾದ ಸಮಯವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ತಿದ್ದುವ ಹೊತ್ತಿಗೆ ಚೆಂಡು ಹೊರಟಿರುತ್ತದೆ. ಕ್ಲಬ್ಬಿನ ಮುಖ ಬರೀ ಒಂದು ಡಿಗ್ರಿ ತಿರುಗಿದ್ದರೂ 230 ಮೀಟರ್ ದೂರದಲ್ಲಿ ನಾಲ್ಕು ಮೀಟರ್ ಪಕ್ಕಕ್ಕೆ, ಚೆಂಡಿನ ಸುತ್ತುವಿಕೆ ಎಳೆದೊಯ್ಯುವುದು ಬೇರೆ. ಹಾಗಾಗಿ ನುರಿತ ಆಟಗಾರನ ಮಿದುಳು ಚಲನೆಯನ್ನು ಮೊದಲೇ ಹೆಣೆದಿಟ್ಟು ಒಟ್ಟಾಗಿ ಬಿಡುಗಡೆ ಮಾಡುತ್ತದೆ. ಹಿಂಭಾಗದ ಸೆರೆಬೆಲ್ಲಮ್‌ಗೆ ಇದರಲ್ಲಿ ದೊಡ್ಡ ಪಾತ್ರ. ಅರಿವಿನ ಯೋಚನೆಗೆ ಅಲ್ಲಿ ಕೆಲಸವಿಲ್ಲ.

1920ರ ದಶಕದ ಮಾಸ್ಕೋದಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಎಂಬ ವಿಜ್ಞಾನಿ ಕಾರ್ಮಿಕರ ತೋಳಿನ ಕೀಲುಗಳಿಗೆ ಪುಟ್ಟ ಬಲ್ಬು ಕಟ್ಟಿ, ಸುತ್ತಿಗೆ ಬೀಸುವುದನ್ನು ಫೋಟೊ ತೆಗೆದ. ಭುಜ, ಮೊಣಕೈ, ಮಣಿಕಟ್ಟು ಪ್ರತಿ ಸಲವೂ ಒಂಚೂರು ಬೇರೆ ದಾರಿ ಹಿಡಿದಿದ್ದವು, ಸುತ್ತಿಗೆ ಮಾತ್ರ ಉಳಿಯ ತಲೆಗೇ ಬೀಳುತ್ತಿತ್ತು! ಒಂದು ಕೀಲಿನ ಎಡವಟ್ಟನ್ನು ಇನ್ನೊಂದು ಸದ್ದಿಲ್ಲದೆ ಸರಿದೂಗಿಸುತ್ತಿತ್ತು. ನನಗೆ ಇಡೀ ಚಲನಶಾಸ್ತ್ರದಲ್ಲಿ ಇದರಷ್ಟು ಸುಂದರವಾದ ಪ್ರಯೋಗ ಇನ್ನೊಂದಿಲ್ಲ. ಈಗ ‘ಮೊಣಕೈ ಹೀಗೇ ಇರಲಿ’ ಎಂದು ಒಂದು ಕೀಲನ್ನು ಬಿಗಿಹಿಡಿದು ನೋಡಿ, ಆ ಒಳ ಹೊಂದಾಣಿಕೆಯೇ ಮುರಿಯುತ್ತದೆ. ಮೂವತ್ತು ವರ್ಷ ಹೂ ಕಟ್ಟಿದ ಅಜ್ಜಿಯನ್ನು ‘ನಾರನ್ನು ಯಾವ ಬೆರಳಲ್ಲಿ ಸುತ್ತುತ್ತೀರಿ, ನಿಧಾನವಾಗಿ ತೋರಿಸಿ’ ಎಂದು ಕೇಳಿದರೆ ಕೈ ತಡವರಿಸುವುದು ಇದಕ್ಕೇ. 2001ರಲ್ಲಿ ಮನೋವಿಜ್ಞಾನಿಗಳಾದ ಸಿಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ ಗಾಲ್ಫ್ ಪಟಿಂಗ್‌ನಲ್ಲಿ (ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಸೇರಿಸುವುದು) ಕಂಡದ್ದೂ ಇದೇ ಜಾಡಿನದು. ಪಟಿಂಗ್ ಹೇಗೆ ಮಾಡಬೇಕೆಂದು ನುರಿತವರು ಉದ್ದುದ್ದ ವಿವರಿಸಬಲ್ಲರು, ಆದರೆ ತಾವು ಈಗಷ್ಟೇ ಮಾಡಿದ ಪಟ್ ಬಗ್ಗೆ ಕೇಳಿದರೆ ಹೊಸಬರಿಗಿಂತ ಕಡಿಮೆ ನೆನಪಿರುತ್ತದೆ.

ಬೇಕರ್-ಫಿಂಚ್ ಚೆಂಡನ್ನು ಇನ್ನಷ್ಟು ದೂರ ಹೊಡೆಯಬೇಕೆಂದು ಸ್ವಿಂಗ್ ಬಿಚ್ಚಿ ಹೊಸದಾಗಿ ಜೋಡಿಸಲು ಹೊರಟರು, ಹಲವರ ಸಲಹೆ ಕೇಳಿದರು. ತಪ್ಪು ಮಾಡಿದರು ಎನ್ನುವುದು ಸುಲಭ. ಆದರೆ ಟೈಗರ್ ವುಡ್ಸ್ ಕೂಡ 1997ರ ಮಾಸ್ಟರ್ಸ್ ಅನ್ನು 12 ಹೊಡೆತಗಳ ಅಂತರದಲ್ಲಿ ಗೆದ್ದ ಮೇಲೆ ತಮ್ಮ ಸ್ವಿಂಗ್ ಬಿಚ್ಚಿದವರೇ. 1998ರಲ್ಲಿ ಪಿಜಿಎ ಟೂರಿನಲ್ಲಿ ಅವರು ಗೆದ್ದದ್ದು ಒಂದೇ ಒಂದು ಟೂರ್ನಿ. ಆದರೆ 2000ದ ಜೂನ್‌ನಿಂದ 2001ರ ಏಪ್ರಿಲ್‌ವರೆಗೆ ಸತತ ನಾಲ್ಕು ಮೇಜರ್ (ಗಾಲ್ಫ್‌ನ ಅತಿ ದೊಡ್ಡ ಟೂರ್ನಿಗಳು) ಗೆದ್ದರು. ನನ್ನ ಲೆಕ್ಕದಲ್ಲಿ ಇಬ್ಬರ ನಡುವಿನ ವ್ಯತ್ಯಾಸ ಧೈರ್ಯದ್ದಲ್ಲ, ಗ್ರಹಗತಿಯದಂತೂ ಅಲ್ಲವೇ ಅಲ್ಲ. ವುಡ್ಸ್‌ರ ಹೊಸ ಸ್ವಿಂಗ್ ಯೋಚನೆಯ ಕೈತಪ್ಪಿ ಮತ್ತೆ ದೇಹದ ಪಾಲಾಯಿತು, ಬೇಕರ್-ಫಿಂಚ್‌ರದು ಪ್ರತಿ ಹೋಲ್‌ನ ಮೊದಲ ಹೊಡೆತದಲ್ಲೂ ಯೋಚನೆಯ ಕೈಯಲ್ಲೇ ಉಳಿಯಿತು.