ಕಾಫಿ ದುಡ್ಡು ವರ್ಷಕ್ಕೊಮ್ಮೆ, ಕಾರ್ಡ್ ಬಿಲ್ ತಿಂಗಳಿಗೊಮ್ಮೆ

ಕ್ರೆಡಿಟ್ ಕಾರ್ಡ್ ಬಗ್ಗೆ ಕೇಳೋಕೆ ಬರುವವರ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ. ಯಾವ ಕಾರ್ಡಿಗೆ ಪಾಯಿಂಟ್, ಅಂದರೆ ಖರ್ಚು ಮಾಡಿದ್ದಕ್ಕೆ ಬ್ಯಾಂಕ್ ಕೊಡುವ ರಿವಾರ್ಡ್, ಜಾಸ್ತಿ? ಕೊಡಗಿನ ಗೋಣಿಕೊಪ್ಪದಲ್ಲಿ ಕೂತು ಕಾಫಿ ಬೆಳೆಗಾರರ, ಅಂಗಡಿಯವರ, ಹೋಂಸ್ಟೇಯವರ ತೆರಿಗೆ ಲೆಕ್ಕ ನೋಡುವ ನಾನು ತಿರುಗಿ ಕೇಳುವುದೂ ಒಂದೇ. ನಿಮ್ಮ ಮನೆಗೆ ದುಡ್ಡು ಬರುವುದು ಯಾವ ತಿಂಗಳು?

ಬೆಂಗಳೂರಿನಲ್ಲಿ ಸಂಬಳಕ್ಕೆ ದುಡಿಯುವವರಿಗೆ ಇದು ವಿಚಿತ್ರ ಪ್ರಶ್ನೆ ಅನ್ನಿಸಬಹುದು. ಅವರಿಗೆ ತಿಂಗಳ ಕೊನೆಗೆ ಸಂಬಳ ಬರುತ್ತದೆ, ಮುಂದಿನ ವಾರ ಕಾರ್ಡ್ ಬಿಲ್ ಹೋಗುತ್ತದೆ. ಕಾರ್ಡ್ ಮಾಡಿದ್ದೇ ಅಂಥವರಿಗೆ. ನಮ್ಮಲ್ಲಿ ಹಾಗಿಲ್ಲ. ಅರೇಬಿಕಾ ಮೊದಲು ಹಣ್ಣಾಗುತ್ತದೆ, ರೋಬಸ್ಟಾ ಕುಯ್ಲು ಜನವರಿ ಹೊತ್ತಿಗೆ. ಅದು ಕಣದಲ್ಲಿ ಒಣಗಿ, ಚೀಲಕ್ಕೆ ತುಂಬಿ, ರೇಟ್ ನೋಡಿ ಕೊಟ್ಟು, ದುಡ್ಡು ಖಾತೆಗೆ ಬೀಳುವಾಗ ಫೆಬ್ರವರಿ-ಮಾರ್ಚ್. ಆಮೇಲೆ ಒಂದಿಷ್ಟು ಕರಿಮೆಣಸು. ಅಲ್ಲಿಗೆ ಮುಗೀತು. ಖರ್ಚು ಮಾತ್ರ ಹನ್ನೆರಡು ತಿಂಗಳೂ ಇರುತ್ತದೆ. ಬೇಸಿಗೆಯಲ್ಲಿ ಸ್ಪ್ರಿಂಕ್ಲರ್‌ಗೆ ಡೀಸೆಲ್, ಮೇಯಲ್ಲಿ ಗೊಬ್ಬರ ಮತ್ತು ಮದುವೆ, ಜೂನ್‌ನಲ್ಲಿ ಮಕ್ಕಳ ಫೀಸು, ಮಳೆ ಕಳೆದ ಮೇಲೆ ಮತ್ತೆ ಗೊಬ್ಬರ, ನಡುವೆ ಕಳೆ, ಮರಗಸಿ (ನೆರಳಿನ ಮರದ ಕೊಂಬೆ ಕಡಿಸುವುದು), ಚಿಗುರು ತೆಗೆಸುವ ಕೂಲಿ. ಇಂಥ ಮನೆಗೆ ತಿಂಗಳು ತಿಂಗಳು ಬಿಲ್ ಕಳಿಸುವ ಕಾರ್ಡ್ ಬಂದರೆ ಪಾಯಿಂಟ್ ಆಮೇಲಿನ ಮಾತು, ಬಡ್ಡಿ ಮೊದಲ ಮಾತು.

ನಮ್ಮ ಜನ ಕೈಸಾಲದ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲೇ ಹೇಳುತ್ತಾರೆ. ಎರಡು ರೂಪಾಯಿ ಬಡ್ಡಿ, ಮೂರು ರೂಪಾಯಿ ಬಡ್ಡಿ ಅಂತ. ಮೂರು ರೂಪಾಯಿ ಅಂದ ಕೂಡಲೇ "ಬೇಡಪ್ಪ ಸಹವಾಸ" ಅಂತ ಎದ್ದು ಹೋಗುವವರನ್ನು ನಾನು ನೋಡಿದ್ದೇನೆ. ಅದೇ ಲೆಕ್ಕದಲ್ಲಿ ಕಾರ್ಡ್ ಬಡ್ಡಿ ನೋಡಿ. ಸಾಮಾನ್ಯವಾಗಿ ಮೂರೂವರೆ ರೂಪಾಯಿ, ಕೆಲವು ಬ್ಯಾಂಕಿನಲ್ಲಿ ಮೂರೂ ಮುಕ್ಕಾಲು. ಅದರ ಮೇಲೆ ಶೇ 18 ಜಿಎಸ್‌ಟಿ ಬೇರೆ. ಅಲ್ಲಿಗೆ ನೂರಕ್ಕೆ ತಿಂಗಳಿಗೆ 4 ರೂಪಾಯಿ 13 ಪೈಸೆ ಆಯಿತು. ವರ್ಷಕ್ಕೆ, ಚಕ್ರಬಡ್ಡಿ ಸೇರಿಸದೆ, ಐವತ್ತರ ಹತ್ತಿರ. ಕಾರ್ಡ್ ಮಾರಲು ಬರುವವರು ಇದನ್ನು ಹೇಳುವುದಿಲ್ಲ, ಟ್ರಾಲಿ ಬ್ಯಾಗ್ ಫ್ರೀ ಅನ್ನುತ್ತಾರೆ.

ಇಷ್ಟು ಬಡ್ಡಿ ಹಾಕಲು ಕಾನೂನು ಒಪ್ಪುತ್ತಾ ಅಂತ ಕೇಳುವವರಿದ್ದಾರೆ. 2008ರ ಜುಲೈನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಕಾರ್ಡ್ ಬಾಕಿಗೆ ವರ್ಷಕ್ಕೆ ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಸರಿಯಲ್ಲ ಅಂದಿತ್ತು. ಬ್ಯಾಂಕುಗಳು ಸುಪ್ರೀಂ ಕೋರ್ಟಿಗೆ ಹೋದವು. 2024ರ ಡಿಸೆಂಬರ್ 20ರಂದು ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಹಾಗಾಗಿ ಆ 30ರ ಮಿತಿ ಇಲ್ಲ. ಅದನ್ನು ನಂಬಿಕೊಂಡು ಜಗಳಕ್ಕೆ ಹೋಗಬೇಡಿ.

ಸಿದ್ದಾಪುರ ಕಡೆಯ ಒಬ್ಬರು ಬೆಳೆಗಾರರು ಒಂದು ಸ್ಟೇಟ್‌ಮೆಂಟ್ ತಂದಿದ್ದರು. ಮೈಸೂರಿನಲ್ಲಿ ಓದುವ ಮಗಳ ಫೀಸು, ಹಾಸ್ಟೆಲು ಸೇರಿ ಜೂನ್‌ನಲ್ಲಿ 60,000 ರೂಪಾಯಿ ಕಾರ್ಡಿನಲ್ಲಿ ಕಟ್ಟಿದ್ದರು. ಕಾಫಿ ದುಡ್ಡು ಬಂದಾಗ ತೀರಿಸಿದರಾಯಿತು ಅಂತ ಯೋಚನೆ.

"ತಿಂಗಳು ತಿಂಗಳು ತಪ್ಪದೆ ಕಟ್ಟಿದ್ದೇನೆ ಸಾರ್, ಆದ್ರೂ ಸಾಲ ಇಳೀತಾನೇ ಇಲ್ಲವಲ್ಲ?"

ಅವರು ಕಟ್ಟಿದ್ದು ಬಿಲ್ಲಿನ ಮೇಲೆ ದಪ್ಪ ಅಕ್ಷರದಲ್ಲಿ ಕಾಣುವ ಮಿನಿಮಮ್ ಡ್ಯೂ, ಅಂದರೆ ಆ ತಿಂಗಳು ಕನಿಷ್ಠ ಕಟ್ಟಲೇಬೇಕಾದ ಮೊತ್ತ. ನೂರಕ್ಕೆ ಐದರಂತೆ 3,000 ರೂಪಾಯಿ. ಅದರಲ್ಲಿ ಬಡ್ಡಿ 2,100, ಬಡ್ಡಿಯ ಮೇಲಿನ ಜಿಎಸ್‌ಟಿ 378, ಅಸಲಿಗೆ ಹೋಗುವುದು 522. ಹೀಗೆ ಎಂಟು ತಿಂಗಳು ಮೂರು ಮೂರು ಸಾವಿರ ಕಟ್ಟಿದರೆ 24,000 ಕೈಬಿಟ್ಟು ಹೋಗುತ್ತದೆ, ಅಸಲು ಇಳಿಯುವುದು ಐದು ಸಾವಿರಕ್ಕಿಂತ ಕಡಿಮೆ. ಪಾಯಿಂಟ್ ಎಷ್ಟು ಬಂದಿತ್ತು ಅಂದರೆ ಸಾವಿರದ ಇನ್ನೂರು. ಆ ಕಾರ್ಡಿನಲ್ಲಿ ಒಂದು ಪಾಯಿಂಟಿಗೆ 25 ಪೈಸೆ, ಅಂದರೆ ಒಟ್ಟು 300 ರೂಪಾಯಿ. 60,000ದ ಬಾಕಿಗೆ ಜಿಎಸ್‌ಟಿ ಸೇರಿ ದಿನಕ್ಕೆ 82 ರೂಪಾಯಿ ಬಡ್ಡಿ ಓಡುವಾಗ ಆ 300 ನಾಲ್ಕು ದಿನಕ್ಕೂ ಸಾಲದು.

ಅವರ ಲಾಕರಿನಲ್ಲಿ ಒಡವೆ ಇತ್ತು. ಅದನ್ನು ಬ್ಯಾಂಕಿನಲ್ಲಿಟ್ಟು ವರ್ಷಕ್ಕೆ ಶೇ 10ರಂತೆ ಅದೇ 60,000 ತೆಗೆದಿದ್ದರೆ ಎಂಟು ತಿಂಗಳಿಗೆ ಬಡ್ಡಿ ನಾಲ್ಕು ಸಾವಿರ. "ಒಡವೆ ಇಟ್ಟರೆ ಮರ್ಯಾದೆ ಹೋಗುತ್ತೆ" ಅಂದರು. ಕಾರ್ಡ್ ಬಾಕಿ ಯಾರಿಗೂ ಕಾಣುವುದಿಲ್ಲ, ಅದೇ ಅದರ ಅಪಾಯ ಮಾರಾಯ್ರೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ನಲವತ್ತೈದು-ಐವತ್ತು ದಿನ ಬಡ್ಡಿ ಇಲ್ಲ ಅನ್ನುವುದು ಪೂರ್ತಿ ಬಿಲ್ ಕಟ್ಟಿದವರಿಗೆ ಮಾತ್ರ. ಬಾಕಿ ಉಳಿಸಿದರೆ ಬಡ್ಡಿ ಶುರುವಾಗುವುದು ಕೊನೇ ದಿನಾಂಕದಿಂದಲ್ಲ, ಸಾಮಾನು ತಗೊಂಡ ದಿನದಿಂದ. ಮುಂದೆ ತಗೊಳ್ಳುವ ಸಾಮಾನಿಗೂ ಮೊದಲ ದಿನದಿಂದಲೇ ಬಡ್ಡಿ. ಎಟಿಎಂನಲ್ಲಿ ಆ ಕಾರ್ಡ್ ಹಾಕಿ ದುಡ್ಡು ತೆಗೆದರಂತೂ ಒಂದು ದಿನದ ರಿಯಾಯಿತಿಯೂ ಇಲ್ಲ, ಮೇಲೆ ಶುಲ್ಕ ಬೇರೆ. ಶನಿವಾರ ಕೂಲಿ ಬಟವಾಡೆಗೆ ಕ್ಯಾಶ್ ಬೇಕು ಅಂತ ಹೀಗೆ ತೆಗೆಯುವವರಿದ್ದಾರೆ. ದಯವಿಟ್ಟು ಬೇಡ.

ಹಾಗಾದ್ರೆ ಬೆಳೆಗಾರರು ಕಾರ್ಡ್ ಇಟ್ಟುಕೊಳ್ಳಲೇಬಾರದಾ? ಇಟ್ಟುಕೊಳ್ಳಬಹುದು. ಮಾರ್ಚ್‌ನಲ್ಲಿ ಕಾಫಿ ದುಡ್ಡು ಬಂದಾಗ ವರ್ಷಕ್ಕೆ ಕಾರ್ಡಿನಲ್ಲಿ ಎಷ್ಟು ಖರ್ಚು ಬೀಳುತ್ತದೋ ಅಷ್ಟನ್ನು ಬೇರೆ ಉಳಿತಾಯ ಖಾತೆಗೆ ಹಾಕಿ, ಆ ಖಾತೆಯಿಂದ ಬಿಲ್ ತಾನಾಗಿಯೇ ಹೋಗುವಂತೆ ಆಟೊ ಪೇ ಕೊಡಬೇಕು. ಮಿನಿಮಮ್ ಡ್ಯೂಗಲ್ಲ, ಪೂರ್ತಿ ಬಿಲ್ಲಿಗೆ. ಅಷ್ಟು ದುಡ್ಡು ಬೇರೆ ಇಡಲು ಆಗದ ವರ್ಷ ಕಾರ್ಡ್ ಬೀರುವಿನಲ್ಲಿರಲಿ. ಗೊಬ್ಬರಕ್ಕೆ ಸೊಸೈಟಿಯ ಬೆಳೆ ಸಾಲ ಇದೆ. ನಮ್ಮ ರಾಜ್ಯದಲ್ಲಿ ಮಿತಿಯೊಳಗೆ ತಗೊಂಡು ಸಮಯಕ್ಕೆ ಕಟ್ಟಿದವರಿಗೆ ಅದಕ್ಕೆ ಬಡ್ಡಿಯೇ ಬೀಳುವುದಿಲ್ಲ. ಬಡ್ಡಿ ಇಲ್ಲದ ಸಾಲ ಬಿಟ್ಟು ನಾಲ್ಕು ರೂಪಾಯಿ ಬಡ್ಡಿಗೆ ಗೊಬ್ಬರ ತಂದರೆ ಯಾವ ಪಾಯಿಂಟ್ ಅದನ್ನು ತುಂಬುತ್ತೆ ಹೇಳಿ.

ತಿಂಗಳಿಗೆ ಖಚಿತ ದುಡ್ಡು ಬರುವವರ ವಿಚಾರ ಬೇರೆ. ನಮ್ಮಲ್ಲಿ ಸೈನ್ಯದಿಂದ ನಿವೃತ್ತರಾದವರು ಮನೆಮನೆಯಲ್ಲಿದ್ದಾರೆ, ಟೀಚರ್‌ಗಳಿದ್ದಾರೆ. ಪೆನ್ಶನ್ ಬರುವ ಖಾತೆಯಿಂದಲೇ ಪೂರ್ತಿ ಬಿಲ್ ಹೋಗುವಂತೆ ಮಾಡಿದರೆ ಅವರಿಗೆ ಬಡ್ಡಿ ಶೇ 42 ಇದ್ದರೂ ಒಂದೇ, 20 ಇದ್ದರೂ ಒಂದೇ. ಪಾಯಿಂಟ್ ಲೆಕ್ಕ ಹಾಕುವ ಹಕ್ಕು ಅಂಥವರಿಗಿದೆ. ಹೋಂಸ್ಟೇ ನಡೆಸುವವರು ಇಬ್ಬರ ನಡುವೆ. ರಜೆ, ವೀಕೆಂಡಲ್ಲಿ ಚೆನ್ನಾಗಿ ಬರುತ್ತದೆ, ಜೋರು ಮಳೆಗೆ ನಿಂತೇ ಹೋಗುತ್ತದೆ.

ಇನ್ನು ಆರಿಸುವ ವಿಷಯ. ಕೊಡಗಿನಲ್ಲಿ ಕೂತು ಕಾರ್ಡ್ ಆರಿಸುವಾಗ ನಗರದವರ ಪಟ್ಟಿ ನೋಡಿ ಆರಿಸಬೇಡಿ. ಏರ್‌ಪೋರ್ಟ್ ಲೌಂಜ್ ಫ್ರೀ ಅನ್ನುತ್ತಾರೆ. ನಮ್ಮ ಜಿಲ್ಲೆಗೆ ರೈಲೇ ಇಲ್ಲ, ವಿಮಾನ ಎಲ್ಲಿಂದ ಬರಬೇಕು? ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಕಣ್ಣೂರಿಗೆ ಹೋಗಿ ವಿಮಾನ ಹತ್ತುವುದು ವರ್ಷಕ್ಕೆ ಎಷ್ಟು ಸಲ? ಈಗ ಎಷ್ಟೋ ಕಾರ್ಡುಗಳಲ್ಲಿ ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚು ಮಾಡಿದ್ದರೆ ಮಾತ್ರ ಲೌಂಜಿಗೆ ಬಿಡುತ್ತಾರೆ. ಅದಕ್ಕಾಗಿ ಸಾವಿರಗಟ್ಟಲೆ ವಾರ್ಷಿಕ ಶುಲ್ಕ ಕೊಡುವುದು ಸುಮ್ನೆ ದಂಡ.

ಜೀಪು, ಪಿಕಪ್ ಇಟ್ಟವರು ಪೆಟ್ರೋಲ್ ಕಾರ್ಡ್ ಕೇಳುತ್ತಾರೆ. ಒಂದು ಕಂಪನಿಯ ಜೊತೆ ಸೇರಿ ಕೊಡುವ ಕಾರ್ಡ್ ಆ ಕಂಪನಿಯ ಬಂಕಿನಲ್ಲಿ ಮಾತ್ರ ಚೆನ್ನಾಗಿ ಕೊಡುತ್ತದೆ. ನಿಮ್ಮ ದಾರಿಯಲ್ಲಿ ಇರುವ ಬಂಕ್ ಯಾವುದು ಅಂತ ಮೊದಲು ನೋಡಿ. ಪಾಯಿಂಟ್ ಆಸೆಗೆ ಹತ್ತು ಕಿಲೋಮೀಟರ್ ಜಾಸ್ತಿ ಓಡಿಸಿದರೆ ಪಾಯಿಂಟ್ ಹೋಗಿದ್ದು ಡೀಸೆಲ್‌ಗೇ. ಸಾಮಾನ್ಯ ಕಾರ್ಡುಗಳಲ್ಲಿ ಇಂಧನಕ್ಕೆ ಹೆಚ್ಚಾಗಿ ಪಾಯಿಂಟ್ ಇಲ್ಲ. ಬಂಕಿನಲ್ಲಿ ಕಾರ್ಡ್ ಕೊಟ್ಟಿದ್ದಕ್ಕೆ ಹಾಕುವ ಶೇ 1ರ ಸರ್‌ಚಾರ್ಜ್ ಮಾತ್ರ ವಾಪಸ್ ಬರುತ್ತದೆ, ಅದಕ್ಕೂ ಬಿಲ್ ಇಷ್ಟರಿಂದ ಇಷ್ಟರೊಳಗೆ ಇರಬೇಕು ಅಂತ ಮಿತಿ ಇದೆ. ವಿಮೆ, ಬಾಡಿಗೆ, ಸರ್ಕಾರಕ್ಕೆ ಕಟ್ಟುವ ದುಡ್ಡು, ಒಡವೆ, ಕೆಲವು ಕಡೆ ಫೀಸು, ಇವಕ್ಕೂ ಪಾಯಿಂಟ್ ಇಲ್ಲದ ಕಾರ್ಡುಗಳೇ ಜಾಸ್ತಿ. ನಿಮ್ಮ ದೊಡ್ಡ ಖರ್ಚುಗಳು ಯಾವುವು ಅಂತ ಒಂದು ಚೀಟಿಯಲ್ಲಿ ಬರೆದು, ಪಾಯಿಂಟ್ ಇಲ್ಲದ ಖರ್ಚಿನ ಪಟ್ಟಿಯ ಪಕ್ಕ ಇಟ್ಟು ನೋಡಿ. ಕೂಲಿ ಕಾರ್ಡಿನಲ್ಲಿ ಹೋಗಲ್ಲ, ಸಂತೆ ಹೋಗಲ್ಲ, ಉಳಿಯುವುದು ದಿನಸಿ, ಔಷಧಿ, ಬಟ್ಟೆ, ಆನ್‌ಲೈನಲ್ಲಿ ತರಿಸುವ ಸಾಮಾನು. ತಿಂಗಳಿಗೆ 15,000 ಅಂತಿಟ್ಟುಕೊಂಡರೆ ಶೇ 1ರ ಲೆಕ್ಕದಲ್ಲಿ ವರ್ಷಕ್ಕೆ 1,800 ರೂಪಾಯಿ ಲಾಭ. ವಾರ್ಷಿಕ ಶುಲ್ಕ ಸಾವಿರ, ಜಿಎಸ್‌ಟಿ ಸೇರಿ 1,180. ಉಳಿದಿದ್ದು 620. ಹಾಗಾಗಿ ಶುಲ್ಕವೇ ಇಲ್ಲದ, ಪಾಯಿಂಟಿನ ಗೋಜಿಲ್ಲದೆ ನೇರ ಕ್ಯಾಶ್‌ಬ್ಯಾಕ್ ಕೊಡುವ ಕಾರ್ಡನ್ನೇ ನಾನು ಹೇಳುವುದು. ಪಾಯಿಂಟಿಗೆ ಅವಧಿ ಮುಗಿಯುತ್ತೆ, ಬಿಡಿಸಿಕೊಳ್ಳಲು ಎಷ್ಟೋ ಕಡೆ ಶುಲ್ಕ ಕೇಳುತ್ತಾರೆ, ಬೆಲೆ ಬ್ಯಾಂಕ್ ಮನಸ್ಸು ಬಂದಾಗ ಇಳಿಸುತ್ತದೆ.

ಹಾರ್ಡ್‌ವೇರ್ ಅಂಗಡಿ, ಗೊಬ್ಬರದಂಗಡಿಯಲ್ಲಿ ಕಾರ್ಡ್ ಕೊಟ್ಟರೆ "ಎರಡು ಪರ್ಸೆಂಟ್ ಜಾಸ್ತಿ ಆಗುತ್ತೆ ಸಾರ್" ಅನ್ನುವುದು ಮಾಮೂಲಿ. ಶೇ 1 ಗಳಿಸಲು ಶೇ 2 ಕೊಡುವ ವ್ಯಾಪಾರ ಅದು, ಕ್ಯಾಶ್ ಕೊಟ್ಟು ಬನ್ನಿ. ಸಣ್ಣ ಅಂಗಡಿಗಳಿಗೆ ರುಪೇ ಕ್ರೆಡಿಟ್ ಕಾರ್ಡ್ ಒಳ್ಳೆಯದು. ಅದನ್ನು ಯುಪಿಐಗೆ ಜೋಡಿಸಲು ರಿಸರ್ವ್ ಬ್ಯಾಂಕ್ 2022ರಲ್ಲಿ ದಾರಿ ಮಾಡಿಕೊಟ್ಟ ಮೇಲೆ ಅಂಗಡಿಯ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಸಾಕು. ಆದರೆ ಅದು ವ್ಯಾಪಾರಿಯ ಕ್ಯೂಆರ್ ಆಗಿರಬೇಕು, ಅಂಗಡಿಯವರ ಸ್ವಂತ ಖಾತೆಯದಾದರೆ ದುಡ್ಡು ಹೋಗಲ್ಲ.

ಮಳೆಗಾಲದ್ದೇ ಒಂದು ತಾಪತ್ರಯ. ಜುಲೈ-ಆಗಸ್ಟ್‌ನಲ್ಲಿ ಮರ ಬಿದ್ದು ಕರೆಂಟ್ ಹೋದರೆ ಬರುವುದು ಯಾವಾಗಲೋ. ಟವರ್ ಸತ್ತ ಮೇಲೆ ಒಟಿಪಿ ಬರಲ್ಲ, ಫೋನಿಗೆ ಚಾರ್ಜೂ ಇರಲ್ಲ. ಬಿಲ್ ಕಟ್ಟುವ ಕೊನೇ ದಿನ ಅದರಲ್ಲೇ ಕಳೆದುಹೋಗುತ್ತೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಕೊನೇ ದಿನಾಂಕ ದಾಟಿ ಮೂರು ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಮಾತ್ರ ಲೇಟ್ ಫೀ ಹಾಕಬಹುದು. ಆಷಾಢದ ಮಳೆಗೆ ಮೂರು ದಿನ ಯಾವ ಮೂಲೆಗೆ? ಆಟೊ ಪೇ ಇರಲಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಬಿಲ್ಲಿನ ತಾರೀಕು ನಿಮಗೆ ಹೊಂದದಿದ್ದರೆ ಬದಲಿಸಿಕೊಡಿ ಅಂತ ಒಮ್ಮೆಯಾದರೂ ಕೇಳುವ ಹಕ್ಕೂ ನಿಮಗಿದೆ.

ಕಾರ್ಡ್ ಬೇಕು ಅಂದರೆ ಬ್ಯಾಂಕಿನವರು ಆದಾಯ ತೆರಿಗೆ ರಿಟರ್ನ್ ಕೇಳುತ್ತಾರೆ. ಕಾಫಿಯನ್ನು ಹಾಗೇ ಚೆರಿ (ಹಣ್ಣು ಇಡಿಯಾಗಿ ಒಣಗಿಸಿದ್ದು), ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ಒಣಗಿಸಿದ್ದು) ಆಗಿ ಮಾರುವವರದು ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ. ಕ್ಯೂರಿಂಗ್ ಮಾಡಿಸಿ, ಅಂದರೆ ಹೊಟ್ಟು ತೆಗೆಸಿ ಬೀಜ ಮಾಡಿಸಿ ಮಾರಿದರೆ ಆದಾಯದ ಶೇ 25 ಭಾಗ ತೆರಿಗೆಗೆ ಬರುತ್ತದೆ. ಹೀಗಾಗಿ ಹತ್ತಾರು ಎಕರೆ ತೋಟ ಇದ್ದರೂ ರಿಟರ್ನ್‌ನಲ್ಲಿ ತೆರಿಗೆಯ ಆದಾಯ ಏನೂ ಕಾಣದೆ ಅರ್ಜಿ ವಾಪಸ್ ಬರುವುದುಂಟು. ಬೇಜಾರು ಬೇಡ. ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡ್ ತಗೊಳ್ಳಿ. ನಿಜ ಹೇಳಬೇಕಂದರೆ ಬೆಳೆಗಾರರಿಗೆ ಅದೇ ಒಳ್ಳೆಯದು. 50,000 ಎಫ್‌ಡಿ ಇಟ್ಟರೆ ಲಿಮಿಟ್ ಅಷ್ಟರೊಳಗೇ, ಕೈಮೀರಿ ಹೋಗಲ್ಲ, ಎಫ್‌ಡಿಗೆ ಬಡ್ಡಿಯೂ ಬರುತ್ತಿರುತ್ತದೆ. ಇನ್ನೊಂದು ಮಾತು, ವರ್ಷಕ್ಕೆ 10 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಕಾರ್ಡ್ ಬಿಲ್ ಕಟ್ಟಿದರೆ, ನಗದಾಗಿ ಕಟ್ಟಿದ್ದು ಒಂದು ಲಕ್ಷ ಮುಟ್ಟಿದರೂ ಸರಿ, ಬ್ಯಾಂಕ್ ಅದನ್ನು ತೆರಿಗೆ ಇಲಾಖೆಗೆ ತಿಳಿಸುತ್ತದೆ. ನೆಂಟರಿಷ್ಟರಿಗೆಲ್ಲ ನಿಮ್ಮ ಕಾರ್ಡ್ ಉಜ್ಜಲು ಕೊಡುವ ಮುಂಚೆ ಇದು ನೆನಪಿರಲಿ.

ಈಗಾಗಲೇ ಬಾಕಿಯಲ್ಲಿ ಸಿಕ್ಕಿಕೊಂಡವರು ಮೊದಲು ಆ ಕಾರ್ಡನ್ನು ಉಪಯೋಗಿಸುವುದು ನಿಲ್ಲಿಸಿ. ಒಡವೆ ಸಾಲ ಸಿಗುತ್ತಾ ನೋಡಿ, ಸಿಕ್ಕರೆ ಅದನ್ನು ತಂದು ಕಾರ್ಡ್ ಪೂರ್ತಿ ತೀರಿಸಿ. ಅದೂ ಆಗದಿದ್ದರೆ ಬಾಕಿಯನ್ನು ಇಎಂಐ ಮಾಡಿಕೊಡಿ ಅಂತ ಬ್ಯಾಂಕಿಗೆ ಕೇಳಿ. ಅದರ ಬಡ್ಡಿ ಕಾರ್ಡ್ ಬಡ್ಡಿಯ ಅರ್ಧಕ್ಕಿಂತ ಕಡಿಮೆಗೂ ಸಿಗುವುದುಂಟು. ಆದರೆ ಪ್ರೊಸೆಸಿಂಗ್ ಶುಲ್ಕ ಎಷ್ಟು, ಫೆಬ್ರವರಿಯಲ್ಲಿ ಒಟ್ಟಿಗೆ ತೀರಿಸಿದರೆ ದಂಡ ಎಷ್ಟು, ಎರಡನ್ನೂ ಬರಹದಲ್ಲಿ ಕೇಳಿ ಪಡೆಯಿರಿ. ಎಲ್ಲ ತೀರಿದ ಮೇಲೆ ಕಾರ್ಡ್ ಬೇಡ ಅನ್ನಿಸಿದರೆ ಮುಚ್ಚಲು ಅರ್ಜಿ ಕೊಡಿ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡ ಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ನಿಮಗೆ ಕೊಡಬೇಕು. ಅರ್ಜಿ ಕೊಟ್ಟ ತಾರೀಕಿನ ಇಮೇಲ್ ಅಥವಾ ಸ್ವೀಕೃತಿ ಜೋಪಾನವಾಗಿ ಇಟ್ಟುಕೊಳ್ಳಿ.