ಬ್ಲಾಕ್ ಮೊದಲು, ಬ್ಲೇಡ್ ಆಮೇಲೆ

ನಮ್ಮ ಹಿಸ್ಟೊಪೆಥಾಲಜಿ (ಅಂಗಾಂಶ ಪರೀಕ್ಷೆಯ) ಲ್ಯಾಬಿಗೆ ಹೊಸದಾಗಿ ಬಂದವರಿಗೆ ಮೊದಲ ದಿನ ನಾನು ಬ್ಲೇಡ್ ಮುಟ್ಟಲು ಬಿಡುವುದಿಲ್ಲ. ಅಂಗಾಂಶವನ್ನು ತೆಳುವಾಗಿ ಕತ್ತರಿಸುವ ಮೈಕ್ರೊಟೋಮ್ ಯಂತ್ರದ ಚಕ್ರ ತಿರುಗಿಸು, ಲಾಕ್ ಹಾಕು, ಲಾಕ್ ತೆಗೆ. ದಿನವಿಡೀ ಇಷ್ಟೇ. ಯೋಚನೆ ಮಾಡದೆಯೇ ಕೈ ಲಾಕಿನ ಕಡೆ ಹೋಗಬೇಕು, ಅಲ್ಲಿಯವರೆಗೆ ಇದೇ ಪಾಠ.

ನಾನು ಕಲಿಯುತ್ತಿದ್ದಾಗ ಒಂದು ಸಲ ಬ್ಲೇಡ್ ಇರುವಾಗಲೇ ಬ್ಲಾಕ್ (ಅಂಗಾಂಶದ ತುಂಡು ಹುದುಗಿಸಿದ ಮೇಣದ ಗಟ್ಟಿ) ಬದಲಿಸಲು ಹೋದೆ. ಬ್ಲೇಡಿನ ಅಂಚಿಗೆ ಅಡ್ಡ ಬರುವ ಗಾರ್ಡ್ ಮುಚ್ಚಿರಲಿಲ್ಲ. ಬ್ಲಾಕ್ ಐಸ್ ಮೇಲಿಂದ ತೆಗೆದದ್ದು, ಒದ್ದೆಯಾಗಿತ್ತು, ಬೆರಳು ಜಾರಿತು. ನೋವೇ ಗೊತ್ತಾಗಲಿಲ್ಲ. ಬಿಳಿ ಮೇಣದ ಮೇಲೆ ರಕ್ತ ಕಂಡ ಮೇಲೆಯೇ ತಿಳಿದದ್ದು. ಮೂರು ಹೊಲಿಗೆ ಬಿತ್ತು. ಇಷ್ಟು ಹರಿತವಾದ ಬ್ಲೇಡ್ ಮುನ್ಸೂಚನೆ ಕೊಡುವುದಿಲ್ಲ, ಅದಕ್ಕೇ ಕ್ರಮ ಮುಖ್ಯ.

ಕ್ರಮ ಹೀಗೆ. ಬ್ಲಾಕ್ ಹಿಡಿಯುವ ತಲೆಯನ್ನು ಮೇಲಕ್ಕೆ ತಂದು ಚಕ್ರಕ್ಕೆ ಲಾಕ್ ಹಾಕಿ. ಲಾಕ್ ಇಲ್ಲದಿದ್ದರೆ ಆ ತಲೆ ತನ್ನ ಭಾರಕ್ಕೆ ಕೆಳಗೆ ಜಾರಬಹುದು. ಬ್ಲೇಡ್ ಹೋಲ್ಡರನ್ನು ಹಿಂದಕ್ಕೆ ಸರಿಸಿ, ಬ್ಲಾಕ್ ಕೂರಿಸಿ ಬಿಗಿ ಮಾಡಿ. ಬ್ಲೇಡ್ ಆಮೇಲೆ. ಬ್ಲಾಕ್ ಬದಲಿಸಬೇಕಾದರೆ ಪ್ರತಿ ಸಲವೂ ಲಾಕ್ ಹಾಕಿ, ಗಾರ್ಡ್ ಮುಚ್ಚಿ, ಆಮೇಲೆ ಕೈ ಹಾಕಿ. ದಿನಕ್ಕೆ ನೂರು ಬ್ಲಾಕ್ ಇದ್ದರೆ ನೂರು ಸಲ.

ಬ್ಲೇಡ್ ಹಾಕುವ ಮುಂಚೆ ಹೋಲ್ಡರಿನ ಒಳಗೆ ಅಂಟಿದ ಮೇಣದ ಚೂರು ಒರೆಸಿ. ಒಂದು ಸಣ್ಣ ಚೂರು ಇದ್ದರೂ ಬ್ಲೇಡ್ ಸರಿಯಾಗಿ ಕೂರುವುದಿಲ್ಲ, ಕತ್ತರಿಸುವಾಗ ನಡುಗುತ್ತದೆ. ಬ್ಲೇಡನ್ನು ಪಕ್ಕದಿಂದ ಜಾರಿಸಿ ಒಳಗೆ ತಳ್ಳಿ, ಅಂಚಿನ ಮೇಲೆ ಬೆರಳಿಟ್ಟು ಒತ್ತಬೇಡಿ. ಹೋಲ್ಡರಿನ ಲಿವರ್ ಪೂರ್ತಿ ಬಿಗಿಯಾಗಲಿ.

ಇನ್ನು ಕೋನ. ಜಾಸ್ತಿ ಜನ ಎಡವುವುದು ಇಲ್ಲೇ. ಬ್ಲೇಡಿನ ಅಂಚಿನ ಇಳಿಜಾರಿಗೂ ಬ್ಲಾಕಿನ ಮುಖಕ್ಕೂ ನಡುವೆ ಚೂರು ಜಾಗ ಇರಬೇಕು. ಇದೇ ಕ್ಲಿಯರೆನ್ಸ್ ಆಂಗಲ್. ತೀರಾ ಕಡಿಮೆಯಾದರೆ ಬ್ಲಾಕ್ ಬ್ಲೇಡಿಗೆ ಉಜ್ಜುತ್ತದೆ. ಸೆಕ್ಷನ್ (ಕತ್ತರಿಸಿ ಬರುವ ತೆಳು ಪದರ) ಮುದುಡುತ್ತದೆ, ಒಂದು ದಪ್ಪ ಬಂದರೆ ಇನ್ನೊಂದು ತೆಳು. ತೀರಾ ಹೆಚ್ಚಾದರೆ ಬ್ಲೇಡ್ ಕತ್ತರಿಸುವ ಬದಲು ಕೆರೆಯುತ್ತದೆ, ಸೆಕ್ಷನ್ ಮೇಲೆ ಅಡ್ಡಡ್ಡ ಗೆರೆ ಸಾಲು ಬೀಳುತ್ತದೆ. ಬಳಸಿ ಬಿಸಾಡುವ ಬ್ಲೇಡಿಗೆ ಸಾಮಾನ್ಯವಾಗಿ 2ರಿಂದ 5 ಡಿಗ್ರಿ ಆಸುಪಾಸಿನಲ್ಲಿ ಸರಿಯಾಗುತ್ತದೆ. ಆದರೆ ಒಂದೊಂದು ಯಂತ್ರದ ಅಳತೆ ಒಂದೊಂದು ಥರ, ಕೈಪಿಡಿ ನೋಡಿಯೇ ಶುರು ಮಾಡಿ. ಒಂದೊಂದೇ ಡಿಗ್ರಿ ಬದಲಿಸಿ, ಬಿಗಿ ಮಾಡಿ, ನಾಲ್ಕೈದು ಸೆಕ್ಷನ್ ತೆಗೆದು ನೋಡಿ. ಕೋನ ಬದಲಿಸಿದಾಗ ಬ್ಲೇಡಿನ ಅಂಚೂ ಹಿಂದೆ ಮುಂದೆ ಆಗುತ್ತದೆ ಅಲ್ವಾ? ಹಾಗಾಗಿ ಲಾಕ್, ಗಾರ್ಡ್ ಹಾಕಿ, ಹೋಲ್ಡರ್ ಹಿಂದೆ ಸರಿಸಿದ ಮೇಲೆಯೇ ಕೋನಕ್ಕೆ ಕೈ ಹಚ್ಚಿ. ಇಲ್ಲದಿದ್ದರೆ ಚಕ್ರದ ಮುಂದಿನ ಸುತ್ತಿನಲ್ಲಿ ಬ್ಲೇಡ್ ಬ್ಲಾಕಿನೊಳಗೆ ನುಗ್ಗಿ ಬಯಾಪ್ಸಿಯ ತುಂಡೇ ಕಿತ್ತು ಬರಬಹುದು. ಆ ಚೂರು ರೋಗಿಯದು, ಮತ್ತೆ ಸಿಗುವುದಿಲ್ಲ.

ಒಮ್ಮೆ ಸರಿಹೋದ ಕೋನವನ್ನು ಸುಮ್ನೆ ಕೆದಕಬೇಡಿ. ಸೆಕ್ಷನ್ ಕೆಟ್ಟರೆ ಮೊದಲು ಲಿವರ್ ಬಿಗಿ ಇದೆಯಾ, ಬ್ಲಾಕ್ ತಣ್ಣಗಿದೆಯಾ ನೋಡಿ. ಒಂದಕ್ಕೊಂದು ಅಂಟಿ ಬರುವ ಸೆಕ್ಷನ್ ಸಾಲಿನ (ರಿಬ್ಬನ್) ಉದ್ದಕ್ಕೂ ಒಂದೇ ಕಡೆ ಸೀಳು ಬಂದರೆ ಹೆಚ್ಚಾಗಿ ಬ್ಲೇಡಿನಲ್ಲಿ ಮುಕ್ಕು ಇರುತ್ತದೆ. ಬ್ಲೇಡನ್ನು ಪಕ್ಕಕ್ಕೆ ಸರಿಸಿದರೆ ಸಾಕು. ನಾನು ಬ್ಲೇಡಿನ ಒಂದು ತುದಿಯಲ್ಲಿ 15–20 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್) ದಪ್ಪಕ್ಕೆ ಟ್ರಿಮ್ ಮಾಡಿ, ಅಂದರೆ ಅಂಗಾಂಶ ಕಾಣುವವರೆಗೆ ಮೇಲಿನ ಮೇಣ ಕತ್ತರಿಸಿ ತೆಗೆದು, ಹೊಸ ಭಾಗದಲ್ಲಿ 3–4 ಮೈಕ್ರಾನ್ ಸೆಕ್ಷನ್ ತೆಗೆಯುತ್ತೇನೆ.

ಬ್ಲೇಡ್ ಕೈಜಾರಿ ಬಿದ್ದರೆ ಹಿಡಿಯಲು ಹೋಗಬೇಡಿ, ಕಾಲು ಹಿಂದಕ್ಕೆ ತೆಗೆಯಿರಿ. ಲ್ಯಾಬಿನಲ್ಲಿ ಚಪ್ಪಲಿ ಬೇಡ, ಶೂ ಇರಲಿ. ಹಳೆಯ ಬ್ಲೇಡ್ ಮಾಮೂಲಿ ಕಸಕ್ಕೆ ಹೋಗಬಾರದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೇ ಹಾಕಬೇಕು. ಕಸ ಎತ್ತುವ ಅಕ್ಕನ ಕೈಗೆ ಗಾಯವಾದರೆ ಅದು ನಮ್ಮ ತಪ್ಪು.

ಟೀಗೆ ಎದ್ದರೂ ಬ್ಲೇಡ್ ತೆಗೆದೇ ಏಳಿ. ಸಂಜೆ ಮೇಣದ ಚೂರು ಗುಡಿಸುವ ಮುಂಚೆ ಹೋಲ್ಡರ್ ಖಾಲಿ ಇದೆಯೇ ಎಂದು ನಾನು ಬಗ್ಗಿ ನೋಡುತ್ತೇನೆ. ಬ್ರಷ್ ಹಿಡಿಯುವುದು ಆಮೇಲೆಯೇ.