ಕುಕ್ಕರ್‌ಗೆ ರೋಗಿಯ ಹೆಸರು ಗೊತ್ತಿಲ್ಲ

ಅಕ್ಕನ ಮಗಳು ಹಲ್ಲಿನ ಡಾಕ್ಟರಿಕೆ ಓದುತ್ತಿದ್ದಾಳೆ. ರಜೆಗೆ ಹಾಸನಕ್ಕೆ ಬಂದವಳು ಅಡುಗೆಮನೆಯ ಕಟ್ಟೆ ಮೇಲೆ ಕೂತು ಒಂದು ವಿಷಯ ಹೇಳಿದಳು. ಹಲ್ಲು ಕೀಳಿಸಲು ಬಂದವರೊಬ್ಬರು ತಮಗೆ ಎಚ್‌ಐವಿ ಇದೆ ಎಂದು ತಾವೇ ಹೇಳಿಕೊಂಡರಂತೆ. ಪಾಠ ಹೇಳುವ ಸರ್ ಅವರನ್ನು ಸಂಜೆವರೆಗೆ ಕೂರಿಸಿ, ಉಳಿದವರದ್ದೆಲ್ಲ ಮುಗಿದ ಮೇಲೆ ಎರಡೆರಡು ಗ್ಲೌಸ್ ಹಾಕಿಕೊಂಡು ನೋಡಿದರಂತೆ. "ಆ ಇಕ್ಕಳ ಬೇರೆ ಇಡಿ" ಅಂದರಂತೆ. ಸುತ್ತ ವಿದ್ಯಾರ್ಥಿಗಳು ನಿಂತಿದ್ದರು. ಅವತ್ತಿನ ಪಾಠ ಅದೇ ಆಯ್ತು ಅಲ್ವಾ?

ಲೆಕ್ಕ ನೋಡಿ. ಎಚ್‌ಐವಿ ರಕ್ತ ತಾಗಿದ ಸೂಜಿ ಚುಚ್ಚಿದರೆ ಸೋಂಕು ತಗಲುವುದು ಸುಮಾರು 300ಕ್ಕೆ ಒಂದು ಸಲ. ಲಸಿಕೆ ಹಾಕಿಸಿಕೊಳ್ಳದವರಿಗೆ ಲಿವರ್ ಕೆಡಿಸುವ ಹೆಪಟೈಟಿಸ್ ಬಿ ತಗಲುವುದು 100ಕ್ಕೆ 30 ಸಲದವರೆಗೂ ಹೋಗಬಹುದು. ಅದಿರುವವರು ಬೆಳಿಗ್ಗೆಯೇ ಅದೇ ಕುರ್ಚಿಯಲ್ಲಿ ಬಾಯಿ ತೆರೆದು ಹೋಗಿರಬಹುದು. ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ. ಹಾಗಾಗಿಯೇ ಎಲ್ಲರಿಗೂ ಒಂದೇ ಎಚ್ಚರಿಕೆ ಎಂಬ ನಿಯಮ 1980ರ ದಶಕದಲ್ಲೇ ಬಂತು.

ಇನ್ನು ಆ ಇಕ್ಕಳ. ಅದು ಹೋಗುವುದು ಹಬೆಯಲ್ಲಿ ರೋಗಾಣು ಕೊಲ್ಲುವ ಆಟೋಕ್ಲೇವ್‌ಗೆ. ಅಂದರೆ ನಮ್ಮ ಕುಕ್ಕರಿನ ದೊಡ್ಡಣ್ಣ. 1679ರಲ್ಲಿ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಮೂಳೆ ಮೆತ್ತಗಾಗಲಿ ಅಂತ ಬಿಗಿ ಮುಚ್ಚಳದ ಪಾತ್ರೆ ಮಾಡಿದ. ಅದೇ ಉಪಾಯ ಹಿಡಿದು ಇನ್ನೂರು ವರ್ಷದ ನಂತರ, 1879ರಲ್ಲಿ, ಪಾಶ್ಚರ್ ಜೊತೆ ಕೆಲಸ ಮಾಡುತ್ತಿದ್ದ ಚೇಂಬರ್‌ಲ್ಯಾಂಡ್ ಆಟೋಕ್ಲೇವ್ ಕಟ್ಟಿದ. ಹಾಸನದ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಉರಿ ಹಾಕಿದರೂ ತೆರೆದ ಪಾತ್ರೆಯಲ್ಲಿ ಅದರಾಚೆ ಏರದು. ಮುಚ್ಚಳ ಬಿಗಿದು ಒತ್ತಡ ಏರಿಸಿದರೆ 121 ಡಿಗ್ರಿ ಮುಟ್ಟುತ್ತದೆ.

ಅದಕ್ಕಿಂತ ಮಜಾ ಹಬೆಯದ್ದು. ಒಣ ಬಿಸಿಗಾಳಿಯಲ್ಲಿ ಇದೇ ಕೆಲಸಕ್ಕೆ 160 ಡಿಗ್ರಿಯಲ್ಲಿ 2 ಗಂಟೆ ಬೇಕು. ಹಬೆಗೆ 121ರಲ್ಲಿ 15 ನಿಮಿಷ ಸಾಕು. ಒಲೆಯ ಪಕ್ಕದ ಬಿಸಿಗಾಳಿಗೆ ಕೈ ಹಿಡಿದರೆ ಏನೂ ಆಗಲ್ಲ. ಇಡ್ಲಿ ಪಾತ್ರೆಯ ಹಬೆ ತಾಗಿದರೆ ಬೊಬ್ಬೆ ಏಳುತ್ತದೆ. ಹಬೆ ತಣ್ಣಗಿನದಕ್ಕೆ ತಾಗಿ ನೀರಾಗುವಾಗ, ಆವಿಯಾಗಲು ನುಂಗಿದ್ದ ಶಾಖವನ್ನೆಲ್ಲ ಅಲ್ಲೇ ಕಕ್ಕುತ್ತದೆ. ಸಾಲ ವಾಪಸ್ ಕೊಟ್ಟ ಹಾಗೆ, ಒಂದೇ ಕಂತಿನಲ್ಲಿ. ಗಟ್ಟಿ ಚಿಪ್ಪಿನ ಬ್ಯಾಕ್ಟೀರಿಯಾ ಬೀಜಾಣುಗಳೇ ಅದಕ್ಕೆ ಸಾಯುತ್ತವೆ. ಎಚ್‌ಐವಿ ಅದರ ಮುಂದೆ ಬಲು ಪುಕ್ಕಲು. ಆ ಇಕ್ಕಳಕ್ಕೆ ಬೇರೆ ಡಬ್ಬಿ ಯಾಕೆ ಸರ್?

2017ರ ಕಾಯ್ದೆ ಎಚ್‌ಐವಿ ಕಾರಣಕ್ಕೆ ಚಿಕಿತ್ಸೆಯಲ್ಲಿ ಭೇದ ಮಾಡಬಾರದು ಎನ್ನುತ್ತದೆ. ಅದೂ ಅವಳಿಗೆ ಹೊಸ ಸುದ್ದಿ.

"ಅವರು ಇನ್ನೊಂದು ಸಲ ಎಲ್ಲಾದರೂ ಬಾಯಿ ಬಿಡ್ತಾರಾ?" ಅಂತ ಕೇಳಿದೆ.

"ಆಮೇಲೆ ಬರಲೇ ಇಲ್ಲ" ಅಂದಳು. ಇನ್ನೊಂದು ಹಲ್ಲು ಬಾಕಿ ಇತ್ತಂತೆ.